ಉಡುಗೊರೆ ಬಂದ ಗ್ಯಾಜೆಟ್‌ಗೆ ವಾರಂಟಿ ಇಲ್ಲ ಅಂದರೆ

ಉಡುಗೊರೆಯಾಗಿ ಬಂದ ಇಯರ್‌ಬಡ್ ಕೆಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ ನನಗೆ ಸಿಕ್ಕ ಉತ್ತರ: "ಬಿಲ್ ನಿಮ್ಮ ಹೆಸರಲ್ಲಿಲ್ಲ." ನಿಮಗೂ ಹೀಗಾದರೆ ಸುಮ್ನೆ ವಾಪಸ್ ಬರಬೇಡಿ.

ಮೊದಲು ವಾರಂಟಿ ಕಾರ್ಡ್ ಪೂರ್ತಿ ಓದಿ. ಕೆಲವು ವಾರಂಟಿ ವಸ್ತುವಿನ ಜೊತೆಗೇ ಹೋಗುತ್ತದೆ, ಕೆಲವು ಮೊದಲು ಕೊಂಡವರಿಗೆ ಮಾತ್ರ. ಎರಡನೆಯದಾದರೆ ಕೊಟ್ಟವರ ಹೆಸರಿನಲ್ಲೇ ದೂರು ಹಾಕಿಸಿ. ಅವರನ್ನು ಬಿಲ್ ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೂ ಕೇಳಿ. ಅವಧಿ ಶುರುವಾಗುವುದು ಸಾಮಾನ್ಯವಾಗಿ ಕೊಂಡ ದಿನದಿಂದ, ನಿಮ್ಮ ಕೈಗೆ ಬಂದ ದಿನದಿಂದಲ್ಲ.

ಆಗಲ್ಲ ಅಂತ ಬಾಯಿಮಾತಲ್ಲಿ ಹೇಳಿದರೆ ಒಪ್ಪಬೇಡಿ. ಕಾರಣವನ್ನು ಇಮೇಲ್‌ನಲ್ಲೋ ಜಾಬ್ ಶೀಟ್‌ನಲ್ಲೋ (ರಿಪೇರಿಗೆ ಕೊಟ್ಟಾಗ ಸೆಂಟರ್‌ನವರು ಬರೆದುಕೊಡುವ ಚೀಟಿ) ಬರೆದುಕೊಡಲು ಕೇಳಿ. "ಒಳಗೆ ನೀರು ಹೋಗಿದೆ" ಎಂದರೆ ಫೋಟೋ ತೋರಿಸಲು ಹೇಳಿ. ಅನೇಕ ಫೋನ್‌ಗಳಲ್ಲಿ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಗುರುತು ಇರುತ್ತದೆ, ಅದನ್ನು ನೀವೇ ನೋಡಿ.

ವಸ್ತುವನ್ನು ರಿಪೇರಿಗೆ ಕೊಡುವ ಮೊದಲೇ ಸೀರಿಯಲ್ ನಂಬರ್, ಎಲ್ಲ ಬದಿಗಳ ಫೋಟೋ, ತೊಂದರೆಯ ವಿಡಿಯೋ ತೆಗೆದಿಡಿ. ಇಲ್ಲದಿದ್ದರೆ ಗೀರು ಯಾರಿಂದ ಆಯಿತು ಅನ್ನೋ ವಾದವೇ ಜಾಸ್ತಿ ಆಗುತ್ತದೆ.

ಇಷ್ಟೆಲ್ಲ ಇಟ್ಟುಕೊಂಡು ಕಂಪನಿಯ ಮೇಲಿನ ಹಂತಕ್ಕೆ ಬರೆಯಿರಿ. ನನ್ನದು ಹಾಗೆ ಬರೆದ ಮೇಲೆಯೇ ಬದಲಾಗಿ ಬಂತು.