ಬಿಸಿ ಕೊಡುತ್ತಿದ್ದರೂ ತಾಪಮಾನ ಏಕೆ ಏರುವುದಿಲ್ಲ: ಒಂದು ಬೀಕರ್, ಒಂದು ಗ್ರಾಫ್

ಕರಗುವುದನ್ನೂ ಕುದಿಯುವುದನ್ನೂ ಅಣುಗಳ ಶಕ್ತಿಯಿಂದ ವಿವರಿಸಲು ನಾನು ಬಳಸುವುದು ಒಂದೇ ಪ್ರಯೋಗ. 250 ಮಿ.ಲೀ. ಬೀಕರ್‌ಗೆ 20 ಗ್ರಾಂ ತಣ್ಣೀರು, 80 ಗ್ರಾಂ ಪುಡಿ ಮಾಡಿದ ಐಸ್. ತೂಗುವ ಮೊದಲು ಐಸನ್ನು ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಅಂಟಿಕೊಂಡ ನೀರು ಆಗಲೇ ಕರಗಿದ್ದು, ಅದನ್ನು ಐಸ್ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಕೆಳಗಿರುತ್ತದೆ, ಹಾಗಾಗಿ ಒರೆಸುವ ಮೊದಲು ಅದು ಒದ್ದೆಯಾಗಿ ಹೊಳೆಯುವವರೆಗೆ ಕಾಯುತ್ತೇನೆ.

ಹಾಟ್‌ಪ್ಲೇಟನ್ನು ಹತ್ತು ನಿಮಿಷ ಮೊದಲೇ ಹಾಕಿಟ್ಟು, ಆಮೇಲೆ ಅದರ ಗುಂಡಿ ಮುಟ್ಟುವುದಿಲ್ಲ. ಥರ್ಮಾಮೀಟರಿನ ಬುಡ ತಳದಿಂದ ಎರಡು ಸೆಂ.ಮೀ. ಮೇಲಿರಲಿ. ಅರ್ಧ ನಿಮಿಷಕ್ಕೊಮ್ಮೆ ಓದಿ, ಗಾಜಿನ ಕಡ್ಡಿಯಿಂದ ಬಿಡದೆ ಕಲಕುತ್ತಿರಬೇಕು. ಸಮಯಕ್ಕೆ ಎದುರಾಗಿ ತಾಪಮಾನ ಗುರುತಿಸಿ ಎಳೆಯುವ ಗ್ರಾಫ್ ಹೆಚ್ಚಿನವರಿಗೆ ಕೆಡುವುದು ಇಲ್ಲೇ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು. ಕಲಕದಿದ್ದರೆ ಐಸ್ ಮೇಲೆ ತೇಲುತ್ತಿರುವಾಗಲೇ ತಳದ ನೀರು 4 ಡಿಗ್ರಿ ದಾಟಿ, ಸಮತಟ್ಟಾಗಬೇಕಿದ್ದ ಗೆರೆ ಓರೆಯಾಗುತ್ತದೆ.

ಇನ್ನು ಶಕ್ತಿಯ ಲೆಕ್ಕ. ಪ್ಲೇಟಿನ ಮೇಲೆ ಬರೆದ ವಾಟ್ ನಂಬಬೇಡಿ, ಅದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಐಸ್ ಪೂರ್ತಿ ಕರಗಿದ ಮೇಲೆ 100 ಗ್ರಾಂ ನೀರು 20ರಿಂದ 40 ಡಿಗ್ರಿಗೆ ಏರಲು ಎಷ್ಟು ಸೆಕೆಂಡು ಬೇಕು ನೋಡಿ. ಅದಕ್ಕೆ 100 × 4.18 × 20, ಅಂದರೆ 8,360 ಜೌಲ್ ಬೇಕು. 100 ಸೆಕೆಂಡು ಹಿಡಿದರೆ ನೀರಿಗೆ ಸೇರುತ್ತಿರುವುದು ಸುಮಾರು 84 ವಾಟ್. 80 ಗ್ರಾಂ ಐಸ್ ಕರಗಲು ಗ್ರಾಂಗೆ 334 ಜೌಲ್‌ನಂತೆ 26,720 ಜೌಲ್. ಸೊನ್ನೆಯಲ್ಲಿ ಗೆರೆ ಹೆಚ್ಚುಕಡಿಮೆ 320 ಸೆಕೆಂಡು ಮಲಗಿರಬೇಕು.

ಅಷ್ಟು ಹೊತ್ತು ಶಾಖ ಎಲ್ಲಿಗೆ ಹೋಯಿತು? ತಾಪಮಾನ ತೋರಿಸುವುದು ಅಣುಗಳ ಸರಾಸರಿ ಚಲನಶಕ್ತಿಯನ್ನು ಮಾತ್ರ. ಐಸ್‌ನಲ್ಲಿ ಪ್ರತಿ ಅಣುವನ್ನೂ ಸುತ್ತಲಿನ ನಾಲ್ಕು ಅಣುಗಳು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತವೆ. ಕರಗುವಾಗ ಬಂದ ಶಕ್ತಿ ಈ ಕಟ್ಟನ್ನು ಸಡಿಲಿಸುವುದಕ್ಕೆ ಖರ್ಚಾಗಿ, ಪ್ರಚ್ಛನ್ನ ಶಕ್ತಿಯಾಗಿ, ಅಂದರೆ ಅಣುಗಳ ಜೋಡಣೆಯಲ್ಲಿ ಅಡಗಿದ ಶಕ್ತಿಯಾಗಿ, ಉಳಿಯುತ್ತದೆ. ಅಣುಗಳ ವೇಗ ಹೆಚ್ಚುವುದಿಲ್ಲ. ಕರಗಿದ ಮೇಲೂ ಬಹುಪಾಲು ಬಂಧಗಳು ಉಳಿದೇ ಇರುತ್ತವೆ. ಕುದಿದು ಆವಿಯಾಗಬೇಕಾದರೆ ಅವನ್ನೂ ಬಿಡಿಸಿ ಅಣುಗಳನ್ನು ಬೇರೆ ಮಾಡಬೇಕು, ಜೊತೆಗೆ ಹೊರಗಿನ ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕು. ಅದಕ್ಕೇ ಗ್ರಾಂಗೆ ಸುಮಾರು 2,260 ಜೌಲ್, ಕರಗಲು ಬೇಕಾದುದರ ಆರೂಮುಕ್ಕಾಲು ಪಟ್ಟು.

ಇದನ್ನು ಅಳೆಯಲು ನೀರನ್ನೆಲ್ಲ ಬತ್ತಿಸಬೇಕಿಲ್ಲ. ಹತ್ತು ನಿಮಿಷ ಕುದಿಸಿ, ಮೊದಲೂ ಕೊನೆಗೂ ತೂಗಿ, ಆಗಲೇ ಕಂಡುಕೊಂಡ ವಾಟನ್ನು ಸೆಕೆಂಡುಗಳಿಂದ ಗುಣಿಸಿ ಕಡಿಮೆಯಾದ ಗ್ರಾಂನಿಂದ ಭಾಗಿಸಿದರೆ ಸಾಕು. ಉತ್ತರ 2,260ಕ್ಕಿಂತ ಹೆಚ್ಚೇ ಬರುತ್ತದೆ, ಏಕೆಂದರೆ ಬಿಸಿ ಬೀಕರ್ ಸುತ್ತಲಿಗೆ ಕಳೆದುಕೊಳ್ಳುವ ಶಾಖವೂ ಹೆಚ್ಚು. ಬೀಕರ್ ಎತ್ತುವಾಗ ಆವಿಗೆ ಕೈ ಒಡ್ಡಬೇಡಿ: ಅದು ಚರ್ಮದ ಮೇಲೆ ನೀರಾಗುವಾಗ ಆ ಶಕ್ತಿಯನ್ನೆಲ್ಲ ಅಲ್ಲೇ ಇಳಿಸುತ್ತದೆ.

ಕಾಯುತ್ತಿರುವಾಗಲೇ ಗಾಜಿಗೆ ಅಂಟುವ ಸಣ್ಣ ಗುಳ್ಳೆಗಳು ಕುದಿತವಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಆವಿಯ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕೆ ಸಮನಾದಾಗಷ್ಟೇ ನೀರಿನೊಳಗೆ ಆವಿಯ ಗುಳ್ಳೆ ನಿಲ್ಲಬಲ್ಲದು. ಎತ್ತರದಲ್ಲಿ ಆ ಒತ್ತಡ ಕಡಿಮೆ, ಹಾಗಾಗಿ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ 97 ಡಿಗ್ರಿಯ ಆಸುಪಾಸಿನಲ್ಲೇ ಗೆರೆ ನಿಂತರೆ ಥರ್ಮಾಮೀಟರನ್ನು ದೂರಬೇಡಿ. ನುಣುಪಾದ ಹೊಸ ಗಾಜಿನಲ್ಲಿ ನೀರು ಕುದಿಬಿಂದು ದಾಟಿಯೂ ಸುಮ್ಮನಿದ್ದು ಒಮ್ಮೆಲೇ ಉಕ್ಕಬಹುದು. ಬಿಸಿ ಮಾಡುವ ಮೊದಲೇ ಒಂದೆರಡು ಒರಟು ಪಿಂಗಾಣಿ ಚೂರು ಹಾಕಿಡಿ. ಕುದಿಯುತ್ತಿರುವ ನೀರಿಗೆ ಹಾಕಿದರೆ ಅದೇ ಚೂರು ಉಕ್ಕಿಸುತ್ತದೆ.

ಐಸ್ ಬದಲು ಮೇಣದಬತ್ತಿಯ ಮೇಣ ಕರಗಿಸಿದರೆ ಗೆರೆ ಇಷ್ಟು ಸಮತಟ್ಟಾಗಿ ಬರುವುದಿಲ್ಲ. ಮೇಣದಲ್ಲಿ ಬೇರೆ ಬೇರೆ ಉದ್ದದ ಅಣುಗಳು ಬೆರೆತಿದ್ದು, ಒಂದೊಂದೂ ಒಂದೊಂದು ತಾಪಮಾನದಲ್ಲಿ ಸಡಿಲಗೊಳ್ಳುತ್ತದೆ.