ಅಳತೆಪಟ್ಟಿ ಹಿಡಿದು ಬರೆದ ಎರಡನೆಯ ಮನವಿ

ಚಿಕ್ಕಂದಿನಲ್ಲೇ ಪೋಲಿಯೊ ಆಗಿದ್ದರಿಂದ ನಾನು ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಧರಿಸಿ, ಊರುಗೋಲಿನ ಆಸರೆಯಲ್ಲಿ ನಡೆಯುತ್ತೇನೆ. ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣ ವಿಕಲಚೇತನರಿಗೂ ವಯಸ್ಸಾದವರಿಗೂ ಬಳಸಲು ಬರುವಂತಿರಬೇಕೆಂದು ನಾವು ಏಳು ಮಂದಿ ಕೊಟ್ಟ ಮೊದಲ ಮನವಿಯಲ್ಲಿ ಎರಡು ಪುಟಗಳ ತುಂಬ ನಮ್ಮ ಕಷ್ಟಗಳೇ ಇದ್ದವು. ಅಧಿಕಾರಿಗಳು ಅದನ್ನು ಪೂರ್ತಿ ಓದಿ, "ನಿಮಗೆ ರಿಯಾಯಿತಿ ಪಾಸ್ ಇದೆಯಲ್ಲಮ್ಮ, ಹಿರಿಯರಿಗೂ ಟಿಕೆಟ್‌ನಲ್ಲಿ ಶೇ. 25 ಕಡಿಮೆಯಿದೆ" ಎಂದರು. ಎರಡು ತಿಂಗಳ ನಂತರ 'ಪರಿಶೀಲಿಸಲಾಗುವುದು' ಎಂಬ ಹಿಂಬರಹ ಬಂತು. ಪಾಸ್ ಇದ್ದರೂ ಬಸ್ಸಿನ ಮೆಟ್ಟಿಲು ಹತ್ತಲಾಗದವರ ವಿಷಯ ಇದು ಎಂದು ಅವರಿಗೆ ಮನದಟ್ಟಾಗುವಂತೆ ನಾವೇ ಬರೆದಿರಲಿಲ್ಲ. ಏನನ್ನು, ಎಲ್ಲಿ, ಎಷ್ಟು ಅಳತೆಯಲ್ಲಿ ಮಾಡಬೇಕು ಎಂಬುದು ಆ ಎರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ಒಂದು ಭಾನುವಾರ ಅಳತೆಪಟ್ಟಿ ಹಿಡಿದು ನಿಲ್ದಾಣಕ್ಕೆ ಹೋದೆವು. ಪ್ರಯಾಣಿಕರು ನಿಲ್ಲುವ ಕಟ್ಟೆ ನೆಲದಿಂದ 45 ಸೆಂ.ಮೀ. ಎತ್ತರವಿತ್ತು, ಅದಕ್ಕೆ ಕಟ್ಟಿದ್ದ ಇಳಿಜಾರಿನ ಉದ್ದ ಒಂದೂವರೆ ಮೀಟರ್ ಮಾತ್ರ. 1:12ರ ಪ್ರಮಾಣದಂತೆ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದ ಎಂಬ ಲೆಕ್ಕದಲ್ಲಿ, ಅಷ್ಟು ಎತ್ತರಕ್ಕೆ 5.4 ಮೀಟರ್ ಇಳಿಜಾರು ಬೇಕು. ಇದ್ದ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಂದಿನಿಂದ ಇಬ್ಬರು ತಳ್ಳಬೇಕಿತ್ತು, ಇಳಿಯುವಾಗಂತೂ ಕುಳಿತವರು ಮುಂದಕ್ಕೆ ಮುಗ್ಗರಿಸುವ ಭಯ. ಬಸ್ಸಿನ ಮೊದಲ ಮೆಟ್ಟಿಲು ರಸ್ತೆಯಿಂದ 47 ಸೆಂ.ಮೀ. ಮೇಲಿತ್ತು. ನಮ್ಮಲ್ಲಿದ್ದ ದೃಷ್ಟಿಹೀನ ಗೆಳೆಯರು ಒಂದು ಗಂಟೆ ನಿಂತು, ಎಷ್ಟು ಬಸ್‌ಗಳ ಊರಿನ ಹೆಸರನ್ನು ಕಂಡಕ್ಟರ್ ಕೂಗಿ ಹೇಳಿದರು ಎಂದು ಎಣಿಸಿದರು. ಶೌಚಾಲಯದ ಬಾಗಿಲಿನ ಅಗಲ, ಟಿಕೆಟ್ ಕಿಂಡಿಯ ಎತ್ತರ, ಬೆಂಚುಗಳ ಸಂಖ್ಯೆ ಎಲ್ಲವನ್ನೂ ಫೋಟೊ ಸಮೇತ ಬರೆದಿಟ್ಟೆವು.

ನಿಲ್ದಾಣದ ದುರಸ್ತಿಗೆ ಅಂದಾಜು ಪಟ್ಟಿ ತಯಾರಾಗಿದೆಯೇ ಎಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದೆವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ನಿಲ್ದಾಣಕ್ಕೆ ಒಂದು, ಹೊಸ ಬಸ್‌ಗಳ ಖರೀದಿಗೆ ಇನ್ನೊಂದು ಅರ್ಜಿ ಹಾಕಿದೆವು. ದುರಸ್ತಿಗೆ ಇನ್ನೂ ಟೆಂಡರ್ ಕರೆದಿಲ್ಲ ಎಂಬ ಉತ್ತರ ಬಂದದ್ದೇ ನಮಗೆ ದೊಡ್ಡ ಅನುಕೂಲವಾಯಿತು. ಕಾಮಗಾರಿ ಮುಗಿದ ಮೇಲೆ ಒಡೆದು ಕಟ್ಟಿಸುವುದು ಯಾವ ಎಂಜಿನಿಯರಿಗೂ ಇಷ್ಟವಿಲ್ಲದ ಕೆಲಸ, ಆದರೆ ಕಾಗದದ ಮೇಲಿರುವ ಅಳತೆಯನ್ನು ತಿದ್ದಲು ಅವರಿಗೆ ಅಷ್ಟು ಅಡ್ಡಿಯಿರುವುದಿಲ್ಲ.

ಎರಡನೆಯ ಮನವಿಯಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಕಾನೂನಿನ ಆಧಾರ ಬರೆದೆವು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 41ನೆಯ ಕಲಮು ಬಸ್ ನಿಲ್ದಾಣಗಳ ಸೌಲಭ್ಯದ ಬಗ್ಗೆಯೇ ಇದೆ. 45ನೆಯ ಕಲಮಿನಂತೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷಗಳ ಗಡುವು 2022ರ ಜೂನ್‌ನಲ್ಲೇ ಮುಗಿದಿದೆ. ಇಂಥ ಸೌಲಭ್ಯಗಳ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದ್ದನ್ನೂ ಸೇರಿಸಿದೆವು. ಆದರೆ ಮಂಡಿನೋವಿನಿಂದ ಬಳಲುವ ಎಪ್ಪತ್ತರ ಅಜ್ಜಿಯ ಬಳಿ ಅಂಗವಿಕಲತೆಯ ಪ್ರಮಾಣಪತ್ರ ಇರುವುದಿಲ್ಲ, ಈ ಕಾಯ್ದೆಯ ಹೆಸರಿನಲ್ಲಿ ಅವರು ಕೇಳಲಾರರು. ಅದಕ್ಕಾಗಿಯೇ ಹಿರಿಯ ನಾಗರಿಕರ ಸಹಿಯನ್ನೂ ಪಡೆದು, ಎರಡೂ ಬದಿ ಹಿಡಿಕಂಬಿ, ಬೆನ್ನೊರಗುವ ಬೆಂಚು, ಪ್ರಯಾಣಿಕರು ಕುಳಿತ ಮೇಲೆಯೇ ಬಸ್ ಹೊರಡಿಸುವ ಸೂಚನೆ, ಇವುಗಳನ್ನು ಒಂದೇ ಮನವಿಯಲ್ಲಿಟ್ಟೆವು.

ಟಪಾಲು ಶಾಖೆಯಲ್ಲಿ ಸ್ವೀಕೃತಿ ಪಡೆದು, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ಕಳಿಸಿದೆವು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕೆಂದು ಅದೇ ಕಾಯ್ದೆಯ 81ನೆಯ ಕಲಮು ಹೇಳುತ್ತದೆ ಎಂಬುದು ಮುಂದಿನ ಭೇಟಿಗಳಲ್ಲಿ ಬಹಳ ಉಪಯೋಗಕ್ಕೆ ಬಂತು. ಎಂಜಿನಿಯರು ನಮ್ಮೊಡನೆ ನಿಲ್ದಾಣಕ್ಕೆ ಬಂದು ತಾವೇ ಅಳೆದರು. ಉದ್ದನೆಯ ಇಳಿಜಾರಿಗೆ ಜಾಗವಿಲ್ಲ ಎಂದಾಗ, ಮಧ್ಯೆ ಸಮತಟ್ಟು ಬಿಟ್ಟು ಅದನ್ನು ತಿರುಗಿಸಬಹುದೆಂದು ನಮ್ಮಲ್ಲೊಬ್ಬರು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಆ ಗೆರೆಯಂತೆಯೇ ಅದು ಕಟ್ಟಲ್ಪಟ್ಟಿತು.

ಇಳಿಜಾರಿನ ಬುಡದಲ್ಲಿ ಬೈಕು ನಿಲ್ಲಿಸದಂತೆ ಕಂಬ ನೆಡಲು ಮೂರು ಸಲ ಬರೆಯಬೇಕಾಯಿತು. ಬಸ್ಸಿನ ಮೆಟ್ಟಿಲು ಮಾತ್ರ ಇನ್ನೂ 47 ಸೆಂ.ಮೀ. ಎತ್ತರದಲ್ಲೇ ಇದೆ, ಹೊಸ ಬಸ್‌ಗಳ ಟೆಂಡರಿನಲ್ಲಿ ನೆಲದ ಎತ್ತರ ಎಷ್ಟೆಂದು ನಮೂದಿಸಲಾಗಿದೆ ಎಂದು ಕೇಳಿದ ಅರ್ಜಿಯ ಉತ್ತರಕ್ಕಾಗಿ ಈಗ ಮೇಲ್ಮನವಿ ಹಾಕಿದ್ದೇವೆ.