ಶಿಕ್ಷಣ ಸಾಲದ ಸುತ್ತ ಲೀಗಲ್ ಥ್ರಿಲ್ಲರ್ ಹೆಣೆದದ್ದು ಹೀಗೆ

ಸಾಲದಲ್ಲಿ ಮುಳುಗಿದ ಕಾನೂನು ವಿದ್ಯಾರ್ಥಿನಿಯೊಬ್ಬಳ ಕಥೆಯನ್ನು ಥ್ರಿಲ್ಲರ್ ಆಗಿ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು ಸಾಲದ ಲೆಕ್ಕ. ಕಥೆ ನಡೆಯುವುದು ನ್ಯೂಯಾರ್ಕ್‌ನಲ್ಲಿ, 2016ರಲ್ಲಿ. ಮೂರು ವರ್ಷದ ಲಾ ಸ್ಕೂಲ್ ಮುಗಿಸುವ ಹೊತ್ತಿಗೆ ನಾಯಕಿಯ ಹೆಸರಿನಲ್ಲಿ ಎರಡು ಲಕ್ಷ ಡಾಲರ್ ಸರ್ಕಾರಿ ಸಾಲವಿದೆ. ಬಡ್ಡಿ ಶೇ 7 ಎಂದು ಹಿಡಿದೆ. ವರ್ಷಕ್ಕೆ 14,000 ಡಾಲರ್, ಅಂದರೆ ದಿನಕ್ಕೆ 38 ಡಾಲರ್ 36 ಸೆಂಟ್. 2012ರ ಜುಲೈನಿಂದ ಈಚೆಗೆ ಸ್ನಾತಕೋತ್ತರ ಮತ್ತು ವೃತ್ತಿಪರ ಕೋರ್ಸುಗಳಿಗೆ ಪಡೆದ ಸರ್ಕಾರಿ ಸಾಲಕ್ಕೆ ಓದುವಾಗಿನ ಬಡ್ಡಿಯಲ್ಲೂ ವಿನಾಯಿತಿ ಇಲ್ಲ. ಹಣ ಕೈಗೆ ಬಂದ ದಿನವೇ ಬಡ್ಡಿಯ ಗಡಿಯಾರ ಶುರು. ಈ 38 ಡಾಲರ್ ಸಿಕ್ಕಿದ ಮೇಲೆ ಕಾದಂಬರಿಗೆ ಲಯ ಸಿಕ್ಕಿತು. ಪ್ರತಿ ಅಧ್ಯಾಯ ಮುಗಿದಾಗಲೂ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಕಾದಂಬರಿಯಲ್ಲಿ ಆ ಅಂಕಿ ಎಲ್ಲೋ ಕೆಲವು ಕಡೆ ಮಾತ್ರ ಕಾಣಿಸುತ್ತದೆ.

ಸಾಲವೇ ಖಳನಾಗಬೇಕಾದರೆ ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಮುಚ್ಚಿರಬೇಕು. ‘ದಿವಾಳಿ ಅರ್ಜಿ ಹಾಕಿದರಾಯಿತಲ್ಲ?’ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಬಾಕಿ, ಆಸ್ಪತ್ರೆ ಬಿಲ್ಲುಗಳೆಲ್ಲ ದಿವಾಳಿಯಲ್ಲಿ ಕರಗಬಹುದು. ಶಿಕ್ಷಣ ಸಾಲ ಅಷ್ಟು ಸುಲಭಕ್ಕೆ ಕರಗುವುದಿಲ್ಲ. 1976ರ ಕಾಯ್ದೆ ಮರುಪಾವತಿಯ ಮೊದಲ ಐದು ವರ್ಷ ಆ ಬಾಗಿಲು ಮುಚ್ಚಿತು. 1990ರಲ್ಲಿ ಅದು ಏಳು ವರ್ಷವಾಯಿತು. 1998ರಲ್ಲಿ ಕಾಲಮಿತಿಯನ್ನೇ ಕಿತ್ತುಹಾಕಿದರು. 2005ರಲ್ಲಿ ಖಾಸಗಿ ಸಾಲಗಳೂ ಇದೇ ಸಾಲಿಗೆ ಸೇರಿದವು. ಉಳಿದದ್ದು ‘ಅತೀವ ಸಂಕಷ್ಟ’ ಎಂದು ಕೋರ್ಟಿನಲ್ಲಿ ಸಾಬೀತುಪಡಿಸುವ ಒಂದೇ ದಾರಿ. ಅದಕ್ಕೂ 1987ರ ಬ್ರನರ್ ಪ್ರಕರಣದ ಅಳತೆಗೋಲಿದೆ: ಸಾಲ ಕಟ್ಟಿದರೆ ಕನಿಷ್ಠ ಮಟ್ಟದ ಬದುಕೂ ನಡೆಯದು, ಈ ಸ್ಥಿತಿ ಮುಂದೆಯೂ ಹೀಗೇ ಇರುತ್ತದೆ, ತೀರಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದೇನೆ, ಈ ಮೂರನ್ನೂ ತೋರಿಸಬೇಕು. ಆಗಷ್ಟೇ ಕಾನೂನು ಪದವಿ ಪಡೆದ ಇಪ್ಪತ್ತಾರರ ಹುಡುಗಿ ‘ನನಗೆ ಮುಂದೆಯೂ ಸಂಪಾದನೆ ಇಲ್ಲ’ ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ?

ಇದನ್ನೆಲ್ಲ ಕಾದಂಬರಿಯಲ್ಲಿ ಪಾಠದಂತೆ ಒಪ್ಪಿಸಿದರೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ. ನಾನು ವರ್ಷಗಳನ್ನು ಪಾತ್ರಗಳಿಗೆ ಹಂಚಿದೆ. ನಾಯಕಿ ಕೆಲಸಕ್ಕೆ ಸೇರುವ ವಕೀಲರ ಕಚೇರಿಯ ಹಿರಿಯ ಪಾಲುದಾರ ಎಪ್ಪತ್ತರ ದಶಕದ ಆರಂಭದಲ್ಲಿ ಓದಿದವನು. ತನ್ನ ಸಾಲವನ್ನು ದಿವಾಳಿ ಅರ್ಜಿಯಲ್ಲಿ ಕಳಚಿಕೊಂಡು ವೃತ್ತಿ ಕಟ್ಟಿದವನು. ಈಗ ಅವನ ಕಚೇರಿಯ ಕಸುಬೇ ಶಿಕ್ಷಣ ಸಾಲದ ವಸೂಲಿ ದಾವೆ. ಅವನನ್ನು ದುಷ್ಟನಾಗಿ ಚಿತ್ರಿಸುವ ಅಗತ್ಯ ಬೀಳಲಿಲ್ಲ. ಹುಟ್ಟಿದ ವರ್ಷವೊಂದೇ ಅವನನ್ನು ಮೇಜಿನ ಆ ಕಡೆಗೂ ಅವಳನ್ನು ಈ ಕಡೆಗೂ ಕೂರಿಸಿತ್ತು.

ಕಥೆಯ ಕಾಲವನ್ನು ಕ್ಯಾಲೆಂಡರೇ ಕೊಟ್ಟಿತು. ಮೇ ತಿಂಗಳಲ್ಲಿ ಪದವಿ. ಜುಲೈ ಕೊನೆಯ ವಾರ ಎರಡು ದಿನದ ಬಾರ್ ಪರೀಕ್ಷೆ, ಅದರಲ್ಲಿ ಒಂದು ದಿನ ಪೂರ್ತಿ 200 ಬಹು ಆಯ್ಕೆ ಪ್ರಶ್ನೆಗಳು. ಫಲಿತಾಂಶ ಅಕ್ಟೋಬರ್ ಕೊನೆಗೆ. ಓದು ಮುಗಿದ ಮೇಲೆ ಕಂತು ಕಟ್ಟದಿರಲು ಕೊಡುವ ಆರು ತಿಂಗಳ ವಿರಾಮ ಮುಗಿಯುವುದು ನವೆಂಬರ್‌ನಲ್ಲಿ. ಪಾಸಾದರೂ ವಕೀಲಿಕೆ ಮಾಡುವ ಸನದು ಕೈಗೆ ಬರಬೇಕಾದರೆ ನಡತೆ ಮತ್ತು ಅರ್ಹತೆಯ ಸಮಿತಿ ಒಪ್ಪಬೇಕು. ಸನದು ಇಲ್ಲದೆ ವಕೀಲಿಕೆಯ ಸಂಬಳ ಇಲ್ಲ, ಸಂಬಳ ಇಲ್ಲದೆ ಕಂತು ಇಲ್ಲ. ಮೇಯಿಂದ ನವೆಂಬರ್‌ವರೆಗಿನ ಈ ಓಟವೇ ನನ್ನ ಕಥೆಯ ಬೆನ್ನೆಲುಬು.

ಸಮಿತಿಯ ವಿಷಯದಲ್ಲಿ ನನಗೆ ದಿಕ್ಕು ತೋರಿಸಿದ್ದು ಒಹಾಯೊ ಸುಪ್ರೀಂ ಕೋರ್ಟಿನ 2011ರ ಒಂದು ತೀರ್ಪು. ಸನದು ಕೇಳಿದ ಅಭ್ಯರ್ಥಿಯ ಮೇಲೆ ಒಂದೂವರೆ ಲಕ್ಷ ಡಾಲರ್‌ಗೂ ಮಿಕ್ಕಿ ಶಿಕ್ಷಣ ಸಾಲವಿತ್ತು. ಬಡವರ ಪರ ವಾದಿಸುವ ಸರ್ಕಾರಿ ವಕೀಲರ ಕಚೇರಿಯಲ್ಲಿ ಅರೆಕಾಲಿಕ ಕೆಲಸ ಮಾಡಿಕೊಂಡಿದ್ದವನು. ಸಾಲ ತೀರಿಸುವ ಕಾರ್ಯಸಾಧ್ಯವಾದ ಯೋಜನೆ ಇಲ್ಲ ಎಂದು ಅವನ ಅರ್ಜಿಯನ್ನು ಒಪ್ಪಲಿಲ್ಲ, ಮುಂದೆ ಮತ್ತೆ ಅರ್ಜಿ ಹಾಕಲು ಅವಕಾಶ ಕೊಟ್ಟರು. ಓದಿ ಮುಗಿಸಿದಾಗ ನನಗೆ ಹೊಟ್ಟೆ ಸಂಕಟವಾಯಿತು. ಸಾಲ ಮಾಡಿ ಪಡೆದ ಪದವಿಯನ್ನು ಬಳಸಲು ಅದೇ ಸಾಲ ಅಡ್ಡ ಬರುವುದಕ್ಕಿಂತ ದೊಡ್ಡ ಬಲೆಯನ್ನು ನಾನು ಕಲ್ಪಿಸಲಾರೆ. ನನ್ನ ನಾಯಕಿಯ ಸಮಿತಿ ನ್ಯೂಯಾರ್ಕ್‌ನದು, ಆದರೂ ಅವಳ ಗೆಳತಿ ಈ ತೀರ್ಪಿನ ಸುದ್ದಿ ಹೇಳಿದ ರಾತ್ರಿಯಿಂದ ಅವಳಿಗೆ ನಿದ್ದೆ ಇಲ್ಲ.

ಇನ್ನು ಅಪರಾಧ. ಹೆಣ ಬೀಳಿಸಲು ನನಗೆ ಮನಸ್ಸಿರಲಿಲ್ಲ, ಕಾಗದದಲ್ಲೇ ಬೇಕಾದಷ್ಟು ಅಪರಾಧ ಇತ್ತು. ಖಾಸಗಿ ಶಿಕ್ಷಣ ಸಾಲಗಳನ್ನು ಕಂತೆ ಕಟ್ಟಿ ಹೂಡಿಕೆದಾರರಿಗೆ ಮಾರುತ್ತಾರೆ. ಸಾಲ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಕೊನೆಗೆ ದಾವೆ ಹೂಡುವವರು ‘ಈ ಸಾಲ ನಮ್ಮದೇ’ ಎಂದು ತೋರಿಸಲು ಪ್ರತಿ ಕೈಬದಲಾವಣೆಗೂ ದಾಖಲೆ ಕೊಡಬೇಕು. ಅನೇಕ ಸಲ ಆ ಸರಪಳಿಯ ಕೊಂಡಿ ಕಳಚಿರುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಕೈಗೊಂಡ ಕ್ರಮದಲ್ಲಿ ಇದ್ದ ಆರೋಪವೂ ಇದೇ: ದಾಖಲೆ ಇಲ್ಲದೆ ದಾವೆ, ಖುದ್ದು ತಿಳಿಯದ ಸಂಗತಿಗೆ ಪ್ರಮಾಣ ಮಾಡಿದ ಅಫಿಡವಿಟ್ಟು.

ಆ ಅಫಿಡವಿಟ್ಟೇ ನನ್ನ ಮುಖ್ಯ ದೃಶ್ಯ. ಸಂಜೆ ಹೊತ್ತು, ನಾಯಕಿಯ ಸಹಿಗಾಗಿ ಮೇಜಿನ ಮೇಲೆ ಒಂದೇ ಅಚ್ಚಿನ ಹಾಳೆಗಳ ಕಟ್ಟು. ಹೆಸರು, ಮೊತ್ತ, ತಾರೀಖು ಮಾತ್ರ ಬೇರೆ ಬೇರೆ. ‘ಈ ಸಾಲದ ದಾಖಲೆಗಳ ಬಗ್ಗೆ ನನಗೆ ಖುದ್ದು ಮಾಹಿತಿ ಇದೆ’ ಎಂಬ ಸಾಲು ಪ್ರತಿಯೊಂದರಲ್ಲೂ ಇದೆ. ‘ಕಡತ ಎಲ್ಲಿದೆ ಸರ್?’ ಎನ್ನುತ್ತಾಳೆ. ‘ಕಂಪ್ಯೂಟರಿನಲ್ಲಿ ಮೊತ್ತ ಕಾಣುತ್ತದಲ್ಲಮ್ಮ, ಅದೇ ಕಡತ. ಹೇಗೂ ಯಾರೂ ಕೋರ್ಟಿಗೆ ಬರುವುದಿಲ್ಲ’ ಎನ್ನುತ್ತಾನೆ ಅವಳ ಮೇಲಧಿಕಾರಿ. ಅವನು ಹೇಳುವುದು ಸುಳ್ಳಲ್ಲ. ಪ್ರತಿವಾದಿ ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು, ಆಮೇಲೆ ಸಂಬಳದಿಂದ ನೇರ ಕಡಿತ. ಕಟ್ಟಿನ ನಡುವೆ ಅವಳ ಗೆಳತಿಯ ಹೆಸರಿದೆ, ಕೆಳಗೆ ಜಾಮೀನು ಹಾಕಿದ ಗೆಳತಿಯ ತಾಯಿಯ ಹೆಸರೂ ಇದೆ. ಸಹಿ ಮಾಡಿದರೆ ಸುಳ್ಳು ಪ್ರಮಾಣ, ಸಿಕ್ಕಿಬಿದ್ದರೆ ಸನದಿನ ಆಸೆ ಬಿಡಬೇಕು. ಮಾಡದಿದ್ದರೆ ಕೆಲಸ ಹೋಗುತ್ತದೆ, ಕಂತು ತಪ್ಪುತ್ತದೆ, ಸಮಿತಿಯ ಮುಂದೆ ಹೇಳಲು ಯೋಜನೆಯೇ ಇರುವುದಿಲ್ಲ. ಈ ದೃಶ್ಯವನ್ನು ನಾನು ಆತುರಪಡದೆ ಬರೆದೆ, ಪೆನ್ನು ಹಿಡಿದ ಅವಳ ಕೈ ಹಾಳೆಯಿಂದ ಹಾಳೆಗೆ ಹೋಗುವುದನ್ನು ಪೂರ್ತಿ ತೋರಿಸಿದೆ.

‘ಖುದ್ದು ಮಾಹಿತಿ ಇದೆ’ ಎಂಬ ಆ ಸಾಲಿನ ತೂಕ ಅವಳಿಗೆ ಗೊತ್ತಾಗಲು ಕಾರಣವೂ ನಿಯಮದಿಂದಲೇ ಸಿಕ್ಕಿತು. 2015ರಿಂದ ನ್ಯೂಯಾರ್ಕ್‌ನಲ್ಲಿ ಸನದು ಬಯಸುವವರು 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಬೇಕು. ಅವಳು ಆ ಗಂಟೆಗಳನ್ನು ಸಾಲಗಾರರ ಪರ ಕೆಲಸ ಮಾಡುವ ಕಾನೂನು ಸಲಹೆಯ ಕ್ಲಿನಿಕ್ಕಿನಲ್ಲಿ ಕಳೆದಿದ್ದಳು. ಮೂಲ ದಾಖಲೆ ಕೇಳಿದರೆ ದಾವೆ ಹೇಗೆ ಕುಸಿಯುತ್ತದೆ ಎಂದು ಕಣ್ಣಾರೆ ನೋಡಿದವಳು. ಕೋರ್ಟಿನ ಪಾಟೀಸವಾಲು ಚಿಕ್ಕದು, ಅದಕ್ಕೆ ಕೆಲವೇ ಪುಟ ಸಾಕಾಯಿತು.

ಕೊನೆಯಲ್ಲಿ ಸಾಲ ಮನ್ನಾ ಆಗಲಿ ಎಂದು ಹಸ್ತಪ್ರತಿ ಓದಿದವರು ಕೇಳಿಕೊಂಡರು. ನಾನು ಒಪ್ಪಲಿಲ್ಲ. ಗೆಳತಿಯ ಮೇಲಿನ ದಾವೆ ವಜಾ ಆಗುತ್ತದೆ, ನಾಯಕಿಯ ಎರಡು ಲಕ್ಷ ಹಾಗೇ ಉಳಿಯುತ್ತದೆ. ಅವಳು ಕಾನೂನು ನೆರವು ಸಂಸ್ಥೆ ಸೇರುತ್ತಾಳೆ. ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತು ಕಟ್ಟಿದವರ ಉಳಿದ ಸರ್ಕಾರಿ ಸಾಲ ಬಿಡುವ ಯೋಜನೆ 2007ರಿಂದ ಇದೆ. ಅವಳ ಲೆಕ್ಕ ಒಂದನೇ ಕಂತಿನಿಂದ ಶುರುವಾಗುತ್ತದೆ.

ಇಂಥ ಕಥೆ ಬರೆಯಬೇಕೆಂದಿರುವವರು ಸಾಲದ ಕರಾರುಪತ್ರದ ಮಾದರಿ, ಬಾರ್ ಪ್ರವೇಶದ ಅರ್ಜಿ ನಮೂನೆ, ಒಂದೆರಡು ತೀರ್ಪು, ಇಷ್ಟನ್ನು ಮೊದಲು ಓದಿ. ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತವೆ. ಅರ್ಜಿಯನ್ನು ನಿಮ್ಮ ಪಾತ್ರದ ಹೆಸರಿನಲ್ಲಿ ತುಂಬಿ ನೋಡಿ. ಬಾಕಿ ಸಾಲಗಳ ವಿವರ ಕೇಳುವ ಜಾಗಕ್ಕೆ ಬಂದಾಗ ಆ ಪಾತ್ರ ಏನು ಬರೆಯುತ್ತದೆ, ಏನನ್ನು ಮುಚ್ಚಿಡಲು ನೋಡುತ್ತದೆ ಎಂಬಲ್ಲೇ ನನಗೆ ಕಥಾವಸ್ತು ಸಿಕ್ಕಿದ್ದು.